ಸಹಿ ಇಲ್ಲದ ಚೌಕ

ಸೋಮವಾರವನ್ನು ನೆನೆದರೆ ಸಾಕು, ಗುಮಾಸ್ತರ ಮಗಳಿಗೆ ಹೊಟ್ಟೆನೋವು. ಅಂದು ದೇಶದ ಎಲ್ಲ ಶಾಲೆಗಳಲ್ಲೂ ವಾರದ ಪರೀಕ್ಷೆ.

"ಅಪ್ಪಾ, ನೀನು ಶಿಕ್ಷಣ ಇಲಾಖೇಲೇ ಇದ್ದೀಯಲ್ಲ, ತೆಗೆಸೋಕಾಗಲ್ವಾ?"

ಗುಮಾಸ್ತರು ಶೂ ಹಾಕಿಕೊಳ್ಳುತ್ತಾ, "ಇವತ್ತೇ ತೆಗೆಸ್ತೀನಿ ಪುಟ್ಟಿ" ಎಂದುಬಿಟ್ಟರು.

ಆ ಧೈರ್ಯಕ್ಕೆ ಕಾರಣ ಸಂಜೆ ತರಗತಿಯಲ್ಲಿ ಕಲಿತ ವ್ಯವಸ್ಥಾ ಚಿಂತನೆ. ಯಾವ ತೊಂದರೆಯೂ ಒಂಟಿಯಲ್ಲ. ಒಂದು ಇನ್ನೊಂದನ್ನು ತಳ್ಳುತ್ತದೆ, ಅದು ಸುತ್ತಿ ಬಂದು ಮೊದಲಿನದನ್ನೇ ತಳ್ಳುತ್ತದೆ. ರಾಷ್ಟ್ರೀಯ ಶಿಕ್ಷಣ ಸುಧಾರಣೆಗೆಂದು ಅವರು ದೊಡ್ಡ ಹಾಳೆಯ ತುಂಬ ಚೌಕ, ಬಾಣ ಬರೆದಿದ್ದರು. ಪರೀಕ್ಷೆಯಿಂದ ಭಯ, ಭಯದಿಂದ ಕಡಿಮೆ ಅಂಕ, ಕಡಿಮೆ ಅಂಕದಿಂದ ಮತ್ತಷ್ಟು ಪರೀಕ್ಷೆ. ಸುತ್ತ ಪಠ್ಯಪುಸ್ತಕ, ತರಬೇತಿ. ಮೂಲೆಯಲ್ಲಿ ಜಾಗ ಉಳಿಯಿತೆಂದು 'ಪೋಷಕರು'.

ಕಚೇರಿಯ ಪದ್ಧತಿಯೊಂದಿತ್ತು. ಯಾವ ವಿಭಾಗದ ಹೆಸರಿದೆಯೋ ಆ ವಿಭಾಗದ ಸಹಿಯಿಲ್ಲದೆ ನಿರ್ದೇಶಕರು ಕಾಗದ ಮುಟ್ಟುವುದಿಲ್ಲ.

ಪಠ್ಯಪುಸ್ತಕದ ಮೇಡಂ ಕನ್ನಡಕ ಏರಿಸಿದರು. "ಏನ್ರೀ ಇದು, ನಮ್ಮ ಪುಸ್ತಕದಿಂದ ಗೊಂದಲಕ್ಕೆ ಬಾಣ?"

"ದೂರಲ್ಲ ಮೇಡಂ, ಬರೀ ಸಂಬಂಧ..."

"ಅಂಥ ಸಂಬಂಧ ನಮಗೆ ಬೇಡಪ್ಪ. ಬಾಣಾನ ಆ ಮೂಲೆಯಿಂದ ಹೊರಡಿಸಿ, ಈಗಲೇ ಸಹಿ ಹಾಕ್ತೀನಿ."

ತರಬೇತಿಯವರು "ಬಾಣಾನ ನಮ್ಮ ತಲೆಗೇ ಕಟ್ತೀರಾ ಸ್ವಾಮಿ?" ಎಂದು ನಕ್ಕರು, ಪೆನ್ನಿನ ಮುಚ್ಚಳ ಮಾತ್ರ ತೆಗೆಯಲಿಲ್ಲ. ಪರೀಕ್ಷಾ ವಿಭಾಗದವರಂತೂ ಗದರಿದರು: "ಭಯ ನಮ್ಮಿಂದ ಅಂತ ಯಾರಂದ್ರು? ಮನೇಲಿ ಹೆದರಿಸ್ತಾರೆ, ಹಾಗೇ ಬರ್ಕೊಳ್ಳಿ."

ಗುಮಾಸ್ತರಿಗೆ ಮಗಳ ಮುಖ ಕಣ್ಣಮುಂದೆ ಬಂತು. ಚಿತ್ರ ನಿರ್ದೇಶಕರವರೆಗೆ ತಲುಪಿದರೆ ಸಾಕು, ಉಳಿದದ್ದನ್ನು ಬಾಯಲ್ಲಿ ಹೇಳಿದರಾಯಿತು ಎಂದುಕೊಂಡು ಅಳಿಸಿದರು, ಎಳೆದರು, ಮತ್ತೆ ಅಳಿಸಿದರು. ಮಧ್ಯಾಹ್ನದ ಹೊತ್ತಿಗೆ ಮೂರೂ ಸಹಿ ಬಿದ್ದಿದ್ದವು, ಎಲ್ಲ ಬಾಣಗಳೂ ಹೊರಟ 'ಪೋಷಕರು' ಚೌಕ ಮುಳ್ಳುಹಂದಿಯಂತೆ ನಿಮಿರಿ ನಿಂತಿತ್ತು.

ನಿರ್ದೇಶಕರು ಹಾಳೆ ಹರಡಿ ಹಿಗ್ಗಿದರು. "ಭೇಷ್! ಎಲ್ಲಾ ತೊಂದ್ರೆಗೂ ಒಂದೇ ಬುಡ!"

"ಸಾರ್, ಆ ಪರೀಕ್ಷೆ..."

"ಅದೇ ನಾನೂ ಹೇಳ್ತಿರೋದು. ಬುಡಕ್ಕೇ ಮದ್ದು ಹಾಕೋಣ. ಸೋಮವಾರದಿಂದ ಜಾರಿ, ಮೊದಲು ನಮ್ಮ ನೌಕರರ ಮನೆಗಳಲ್ಲೇ. ಅರೆ, ಈ ಪೋಷಕರ ಚೌಕಕ್ಕೆ ಸಹಿ ಇಲ್ವಲ್ಲ? ನಿಮಗೆ ಮಕ್ಕಳಿದ್ದಾರೇನ್ರೀ?"

"ಒಬ್ಬಳು ಮಗಳು ಸಾರ್."

"ಮತ್ತಿನ್ನೇನು, ಹಾಕಿ."

ಗುಮಾಸ್ತರು ಸಹಿ ಹಾಕಿದರು. ಕೈಬರಹ ಮುದ್ದಾಗಿ ಬಂದಿತ್ತು.

ಸಂಜೆ ಮಗಳು ಬಾಗಿಲಲ್ಲೇ ಕಾದಿದ್ದಳು. "ತೆಗೆಸಿದ್ಯಾ ಅಪ್ಪಾ?"

"ಇಲ್ಲ ಪುಟ್ಟಿ." ಗುಮಾಸ್ತರು ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತರು. "ನಂಗೂ ಸೋಮವಾರದ ಪರೀಕ್ಷೆ ಹಾಕಿಸ್ಕೊಂಡು ಬಂದೆ. ಸ್ವಲ್ಪ ಆ ಕಡೆ ಸರಿ, ನಿನ್ನ ಗಣಿತದ ಪುಸ್ತಕ ಎಲ್ಲಿದೆ?"

ಒಳಗಿನಿಂದ ಹೆಂಡತಿ ಕೂಗಿದಳು: "ಇಬ್ರಿಗೂ ಬಿಸಿನೀರು ಕಾಯಿಸ್ಲಾ?"