ಬಾಗಲಕೋಟೆಗೆ ಬಂದ ಲಂಕಾದ ಭಿಕ್ಷು

ಕಾವಿ ಉಟ್ಟು, ತಲೆ ಬೋಳಿಸಿಕೊಂಡು, ಕೈಯಲ್ಲೊಂದು ಭಿಕ್ಷಾಪಾತ್ರೆ ಹಿಡಿದು ಬಾಗಲಕೋಟೆ ಸೀಮೆಯಲ್ಲಿ ಓಡಾಡುವ ಪರದೇಶಿಗೆ, ಏನೂ ನಡೆಯದ ದಿನ ಅಂತ ಒಂದು ಇರುವುದೇ ಇಲ್ಲ. ನಾನು ಶ್ರೀಲಂಕಾದ ಬೌದ್ಧ ಭಿಕ್ಷು, ಇನ್ನೂ ಮೂವತ್ತು ದಾಟಿಲ್ಲ. "ಹೋಗು, ಆ ಕಡೆಯ ಜನಕ್ಕೆ ಧ್ಯಾನ ಕಲಿಸು, ನಾಲ್ಕು ಧರ್ಮದ ಮಾತು ಹೇಳು" ಎಂದು ನಮ್ಮ ಗುರುಗಳು ಕಳಿಸಿದರು. ಆ ನಾಲ್ಕು ಮಾತನ್ನು ಹೇಳಿ ಮುಗಿಸಲು ಇಲ್ಲಿ ಇನ್ನೂ ಯಾರೂ ಬಿಟ್ಟಿಲ್ಲ.

ಕ್ಯಾಮೆರಾ ಎಲ್ಲೈತಿ?

ಬರುವ ಮುಂಚೆ ಮೈಸೂರಿನಲ್ಲಿ ಒಬ್ಬ ನಿವೃತ್ತ ಪಂಡಿತರ ಬಳಿ ಕನ್ನಡ ಕಲಿತಿದ್ದೆ. ನನ್ನ ಕನ್ನಡದ ಮೇಲೆ ನನಗೆ, ಭಿಕ್ಷುವಿಗೆ ಇರಬಾರದಷ್ಟು ಅಭಿಮಾನ. ಬಾಗಲಕೋಟೆ ಬಸ್ ಸ್ಟ್ಯಾಂಡಿನಲ್ಲಿ ಇಳಿದವನೇ ಆಟೋದವನ ಮುಂದೆ ಕೈಮುಗಿದು, "ಮಹನೀಯರೇ, ವಿದ್ಯಾಗಿರಿಗೆ ತೆರಳಲು ತಮ್ಮ ವಾಹನ ದೊರೆಯಬಹುದೇ?" ಎಂದೆ.

ಆತ ನನ್ನನ್ನು ನೋಡಿದ. ನನ್ನ ಹಿಂದೆ ನೋಡಿದ. ಪಕ್ಕದ ಆಟೋದವನನ್ನು ಕರೆದು, "ಲೇ, ಇಲ್ಲಿ ಶೂಟಿಂಗ್ ನಡದೈತಿ. ಕ್ಯಾಮೆರಾ ಎಲ್ಲೈತಿ ನೋಡಲೇ" ಎಂದ.

ಕ್ಯಾಮೆರಾ ಇಲ್ಲವೆಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ವಿದ್ಯಾಗಿರಿ ಮುಟ್ಟುವವರೆಗೂ ಕನ್ನಡಿಯಲ್ಲಿ ನೋಡಿಕೊಂಡು ಕ್ರಾಪು ತೀಡುತ್ತಲೇ ಇದ್ದ.

ಕುಡಿಯುವ ಊಟ

ಸೂರ್ಯ ನೆತ್ತಿ ದಾಟಿದ ಮೇಲೆ ನಾವು ಉಣ್ಣುವಂತಿಲ್ಲ. ಇದು ನನ್ನ ವ್ರತ. ಹಸಿದವರನ್ನು ಕಂಡರೆ ತಡೆಯಲಾರದ್ದು ವಿದ್ಯಾಗಿರಿಯ ನನ್ನ ಮನೆಯೊಡತಿಯ ಸ್ವಭಾವ. ಎರಡೂ ಒಂದೇ ಮನೆಯಲ್ಲಿ ಇರಬೇಕಾಯಿತು.

"ಅಂದ್ರ ರಾತ್ರಿ ಏನೂ ಇಲ್ಲೇನ್ರಿ? ಹರೇದ ಹುಡುಗ, ಹೊಟ್ಟಿ ಏನು ಅಂದೀತು?"

"ಪಾನೀಯ ಮಾತ್ರ ಸೇವಿಸಬಹುದು, ತಾಯಿ."

ಆ ಮಾತು ಆಡಬಾರದಿತ್ತು. ಮೊದಲ ಸಂಜೆ ಮಜ್ಜಿಗೆ ಬಂತು. ತಳದಲ್ಲಿ ಜೋಳದ ನುಚ್ಚು ಕೂತಿತ್ತು. ಮರುದಿನ ಹಾಲು ಬಂತು. ಅದರೊಳಗೆ ಇಡೀ ಕರದಂಟಿನ ಉಂಡೆ ಕರಗಿತ್ತು. ಮೂರನೆಯ ಸಂಜೆ ಕೆಳಗೆ ಮಿಕ್ಸಿಯ ಸದ್ದು ಬಹಳ ಹೊತ್ತು ಕೇಳಿತು. ಆಕೆ ಕಂದು ಬಣ್ಣದ ಗ್ಲಾಸು ಹಿಡಿದು ಮೇಲೆ ಬಂದರು. ಎರಡು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಎಲ್ಲ ಅದರಲ್ಲೇ.

"ಕುಡೀರಿ. ಅಗಿಯೋದು ಏನೇನೂ ಇಲ್ಲ."

ನಾನು ಕೈಮುಗಿದೆ. "ತಾಯಿ, ಪಾನೀಯವೆಂದರೆ ಗ್ಲಾಸಿನ ಈಚೆಯಿಂದ ನೋಡಿದರೆ ಆಚೆ ಬದಿ ಕಾಣಿಸಬೇಕು."

ಆಕೆ ಗ್ಲಾಸನ್ನು ಟ್ಯೂಬ್‌ಲೈಟಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು.

"ಕಾಣ್ತೈತಲ್ರಿ!"

"ಏನು ಕಾಣುತ್ತದೆ?"

"ಬದನಿಕಾಯಿ."

ಹೊಸಾ ಟೆಕ್ನಾಲಜಿ

ಬಾದಾಮಿಯ ಕೆರೆಯ ಮೆಟ್ಟಿಲ ಮೇಲೆ ಒಮ್ಮೆ ಕಣ್ಣು ಮುಚ್ಚಿ ಕುಳಿತಿದ್ದೆ. ಪ್ರವಾಸಿಗರ ಗುಂಪೊಂದನ್ನು ಕರೆದುಕೊಂಡು ಒಬ್ಬ ಗೈಡ್ ಬಂದ. ಯಾರೋ "ಇದೇನು?" ಎಂದು ಕೇಳಿದರು. ಗೈಡ್‌ಗೆ "ಗೊತ್ತಿಲ್ಲ" ಎನ್ನುವ ಅಭ್ಯಾಸವಿರಲಿಲ್ಲ. "ಹಿಂದಿನ ಕಾಲದಾಗ ಭಿಕ್ಷುಗಳು ಹಿಂಗ ಕುಂದರ್ತಿದ್ರು ಅಂತ ತೋರಸಾಕ ಈ ಮೂರ್ತಿ ಇಟ್ಟಾರ್ರಿ" ಎಂದ.

ಬಡಪಾಯಿಯ ಮರ್ಯಾದೆ ಹೋಗಬಾರದೆಂದು ನಾನು ಉಸಿರು ಹಿಡಿದು ಮೂರ್ತಿಯೇ ಆದೆ. ಒಬ್ಬರು ನನ್ನ ಭುಜದ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡರು. ಅದನ್ನೂ ಸಹಿಸಿದೆ. ಅಷ್ಟರಲ್ಲಿ ಬಾದಾಮಿಯ ಒಂದು ಕೋತಿ ಬಂದು ಭಿಕ್ಷಾಪಾತ್ರೆಗೆ ಕೈಹಾಕಿತು. ಮೂರ್ತಿ ಎದ್ದು ನಿಂತು ಸಿಂಹಳ ಭಾಷೆಯಲ್ಲಿ ಚೀರಿತು. ಪ್ರವಾಸಿಗರು ದಿಕ್ಕಾಪಾಲಾದರು.

ಗೈಡ್ ಮಾತ್ರ ಅಲುಗಲಿಲ್ಲ. "ಹೆದರಬ್ಯಾಡ್ರಿ, ಹೆದರಬ್ಯಾಡ್ರಿ. ಈಗ ಸೌಂಡ್ ಸೈತ ಹಾಕ್ಯಾರ."

ಸಮಚಿತ್ತ

ಇಳಕಲ್ಲಿನಲ್ಲಿ ಸೀರೆ ಅಂಗಡಿಯೊಂದರ ಮಹಡಿಯ ಮೇಲೆ ವಾರಕ್ಕೊಮ್ಮೆ ನನ್ನ ಧ್ಯಾನದ ಕ್ಲಾಸು. ಅಂಗಡಿಯ ಮಾಲೀಕರಾದ ಮುಸಲ್ಮಾನ ಹಿರಿಯರೇ ಪ್ರೀತಿಯಿಂದ ಜಾಗ ಕೊಟ್ಟಿದ್ದರು. ಅವತ್ತಿನ ಪಾಠ ಸಮಚಿತ್ತ. "ಹೊರಗೆ ಏನೇ ಸದ್ದಾಗಲಿ, ಮನಸ್ಸು ಕದಲಬಾರದು" ಎಂದು ಹೇಳಿ ಎಲ್ಲರ ಕಣ್ಣು ಮುಚ್ಚಿಸಿದೆ. ಅವತ್ತು ಭಾರತಕ್ಕೂ ಶ್ರೀಲಂಕಾಕ್ಕೂ ಮ್ಯಾಚು. ಕೆಳಗೆ ಅಂಗಡಿಯಲ್ಲಿ ಟಿ.ವಿ. ಹಚ್ಚಿದ್ದರು.

ಇದ್ದಕ್ಕಿದ್ದಂತೆ ಕೆಳಗೆ ಹೋ ಎಂದು ದೊಡ್ಡ ಕೂಗು ಎದ್ದಿತು. ಮೇಲೆ ಒಬ್ಬ ಶಿಷ್ಯನೂ ಕದಲಲಿಲ್ಲ. ನನ್ನ ಎದೆ ತುಂಬಿ ಬಂತು. ಎಂಥ ಶಿಷ್ಯರು!

ಆ ಮೌನದಲ್ಲಿ ಒಂದು ದನಿ ಕೇಳಿತು: "ಯಾರು ಔಟಾದರು?"

ಎಲ್ಲರೂ ಕಣ್ಣು ಬಿಟ್ಟು, ಬಾಯಿ ಇನ್ನೂ ತೆರೆದೇ ಇದ್ದ ನನ್ನನ್ನೇ ನೋಡುತ್ತಿದ್ದರು. ಮಾಲೀಕರು ಮೆಟ್ಟಿಲ ಬುಡದಿಂದ ಕೂಗಿ ಹೇಳಿದರು: "ನಿಮ್ಮ ಲಂಕಾದಾಂವ ರೀ! ನೀವು ಧ್ಯಾನ ಮಾಡ್ರಿ, ನಿಮಗ ಅದ ಚಲೋ!"

ಹುನಗುಂದದ ಆಶೀರ್ವಚನ

ಹುನಗುಂದದಲ್ಲಿ ಒಬ್ಬ ಮಾಸ್ತರರು ತಮ್ಮ ಮನೆಯಲ್ಲಿ ನಾಲ್ಕು ಜನರನ್ನು ಕೂಡಿಸುತ್ತೇನೆ, ಬಂದು ಪ್ರವಚನ ಹೇಳಿರಿ ಎಂದಿದ್ದರು. ಬಸ್ಸಿಳಿದು ನಿಂತಿದ್ದೆ. ಹೂವು ಕಟ್ಟಿದ ಕಾರೊಂದು ಬಂದು ನಿಂತಿತು. ಇಬ್ಬರು ಇಳಿದು ನನ್ನ ಕಾಲಿಗೆ ಬಿದ್ದು, "ಲಗೂನ ಬರ್ರಿ ಅಪ್ಪಾರ, ಮಂದಿ ಕಾಯಾಕತ್ತಾರ" ಎಂದರು. ಮಾಸ್ತರರೇ ಕಳಿಸಿದ್ದಾರೆಂದು ಹತ್ತಿ ಕುಳಿತೆ.

ಇಳಿದರೆ ದೊಡ್ಡ ಪೆಂಡಾಲು. ನಾಲ್ಕು ಜನ ಎಂದವರು ಊರನ್ನೇ ಸೇರಿಸಿದ್ದಾರಲ್ಲ ಎಂದು ಹಿಗ್ಗಿದೆ. ನನ್ನನ್ನು ಸೋಫಾದ ಮೇಲೆ ಕೂರಿಸಿ, ಹಾರ ಹಾಕಿ, ಮೈಕು ಕೈಗಿತ್ತರು. ಪಕ್ಕದಲ್ಲಿ ಬಾಸಿಂಗ ಕಟ್ಟಿಕೊಂಡು ಇಬ್ಬರು ಕೂತಿದ್ದನ್ನು ಕಂಡೆ. ಏನೋ ಇಲ್ಲಿನ ಪದ್ಧತಿ ಇರಬೇಕು ಅಂದುಕೊಂಡೆ.

ಕನ್ನಡದಲ್ಲಿ ನನಗೆ ಬಾಯಿಪಾಠ ಬರುತ್ತಿದ್ದದ್ದು ಒಂದೇ ಪ್ರವಚನ. ಶುರು ಮಾಡಿದೆ.

"ಬಂಧುಗಳೇ, ಬಂಧನವೇ ದುಃಖದ ಮೂಲ. ಮನೆ ಬಂಧನ. ಮಡದಿ ಬಂಧನ. ಪತಿ ಬಂಧನ. ಇಂದೇ, ಈ ಕ್ಷಣವೇ ಎದ್ದು ಹೊರಡುವವರು ಧನ್ಯರು!"

ಪೆಂಡಾಲಿನಲ್ಲಿ ಮಕ್ಕಳು ಕೂಡ ಅಳುವುದನ್ನು ನಿಲ್ಲಿಸಿದರು. ಮದುಮಗಳು ಮೆಲ್ಲಗೆ ನನ್ನ ಕಡೆ ಬಗ್ಗಿ ಮೈಕಿನಲ್ಲೇ ಕೇಳಿದಳು: "ಅಪ್ಪಾರ, ತಾಳಿ ಇನ್ನಾ ಕಟ್ಟಿಲ್ರಿ. ಹಂಗಾರ ನಾ ಎದ್ದು ಹೋಗ್ಲೇನ್ರಿ?"

ಮದುಮಗನ ಮುಖ ಬೆಳ್ಳಗಾಯಿತು. ತಟ್ಟೆಯಲ್ಲಿದ್ದ ತಾಳಿಗೆ ಕೈಹಾಕಿದ.

"ಏ, ಮುಹೂರ್ತ ಆಗಿಲ್ಲೋ ತಮ್ಮಾ!" ಎಂದು ಹಿರಿಯರು ಕೂಗಿದರು.

"ಆಗೇತ್ರೀ! ಬಾರಸ್ರಲೇ!" ಎಂದು ಅವನು ವಾದ್ಯದವರ ಮೇಲೆ ಚೀರಿ, ತಾಳಿ ಕಟ್ಟಿಯೇಬಿಟ್ಟ. ಜನ ಗಾಬರಿಯಲ್ಲಿ ಅಕ್ಕಿಕಾಳು ಎಸೆದರು. ಅರ್ಧ ನನ್ನ ತಲೆಯ ಮೇಲೆ ಬಿತ್ತು. ನಕ್ಕು ನಕ್ಕು ಮದುಮಗಳ ಬಾಸಿಂಗ ವಾರೆಯಾಗಿತ್ತು.

ಅಷ್ಟರಲ್ಲಿ ಮದುವೆಮನೆಯವರು ನಿಜವಾಗಿ ಕರೆದಿದ್ದ ಸ್ವಾಮಿಗಳು ಇನ್ನೊಂದು ಗಾಡಿಯಲ್ಲಿ ಬಂದಿಳಿದರು. ನಡೆದದ್ದನ್ನೆಲ್ಲ ನಿಂತೇ ಕೇಳಿಸಿಕೊಂಡರು. ಇವತ್ತು ನನ್ನನ್ನು ಈ ದೇಶದಿಂದಲೇ ಓಡಿಸುತ್ತಾರೆಂದು ನಾನು ಪಾತ್ರೆಯನ್ನು ಎದೆಗವಚಿಕೊಂಡೆ. ಅವರು ಬಂದು ಸೋಫಾದಲ್ಲಿ ನನ್ನ ಪಕ್ಕ ಕೂತು, ಕಿವಿಯ ಬಳಿ ಬಗ್ಗಿದರು.

"ಬರೋ ಸೋಮವಾರ ಅಮೀನಗಡದಾಗ ಇನ್ನೊಂದು ಲಗ್ನ ಐತ್ರಿ. ಹುಡುಗ ಒಲ್ಲೆ ಒಲ್ಲೆ ಅನ್ನಾಕತ್ತಾನಂತ. ಅದಕ್ಕೂ ನೀವ ಬಂದುಬಿಡ್ರಿ."