ಬ್ರೇಕ್ ಮೇಷ್ಟ್ರ ಫ್ರೇಮುಗಳು

ಪರದೆಯ ಮೇಲಿನ ಕಾರು ಓಡುತ್ತಿರಲಿಲ್ಲ, ಕುಂಟುತ್ತಿತ್ತು. ಒಂದು ಕ್ಷಣ ಇಲ್ಲಿ, ಮರುಕ್ಷಣ ಅಲ್ಲಿ. ನಡುವಿನ ರಸ್ತೆಯನ್ನು ಯಾರೋ ನುಂಗಿಬಿಟ್ಟ ಹಾಗೆ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಮೇಜಿಗೆ ಬಿಗಿದಿದ್ದ ಆಟದ ಸ್ಟೀರಿಂಗ್ ಹಿಡಿದು ತಮ್ಮ ಹಳೇ ಕಂಪ್ಯೂಟರಿಗೆ ಹಿಡಿಶಾಪ ಹಾಕಿದರು.

ಊರವರ ಬಾಯಲ್ಲಿ ಅವರು ಬ್ರೇಕ್ ಮೇಷ್ಟ್ರು. ಕಲಿಯಲು ಬಂದವರ ಪಕ್ಕದಲ್ಲಿ ಕೂತು ದಿನವಿಡೀ "ಬ್ರೇಕ್! ಬ್ರೇಕ್!" ಎಂದು ಕೂಗಿ ಕೂಗಿ, ಈಗ ಹೆಂಡತಿ ಟೀಗೆ ಇನ್ನೊಂದು ಚಮಚ ಸಕ್ಕರೆ ಹಾಕಿದರೂ ಅವರ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ಅಂಥವರ ಹತ್ತಿರ ಒಂದು ಸ್ವಂತ ಕೆಂಪು ಕಾರಿತ್ತು. ಅದನ್ನು ಅವರು ಕೂಸಿನ ಕೆನ್ನೆ ಒರೆಸುವಷ್ಟು ಮೃದುವಾಗಿ ಒರೆಸುತ್ತಿದ್ದರು. ಅದರ ಮೇಲೆ ಭಾಮೈದನ ಕಣ್ಣು ಬಿದ್ದಿತ್ತು.

"ಭಾವ, ಭಾನುವಾರ ಒಂದಿನ ಕೊಡಿ" ಎಂದು ಅವನು ಕೇಳುವುದು, ಟೈರಿಗೆ ಗಾಳಿ ಕಡಿಮೆ, ಎಂಜಿನ್ನಿಗೆ ನೆಗಡಿ ಎಂದು ಮೇಷ್ಟ್ರು ಜಾರಿಕೊಳ್ಳುವುದು ನಡೆದೇ ಇತ್ತು. ಕೊನೆಗೆ ಅವನು ಅಕ್ಕನ ಎದುರಿಗೇ ಪಂಥ ಕಟ್ಟಿದ.

"ಕಂಪ್ಯೂಟರ್ ರೇಸಲ್ಲಿ ನನ್ನ ಸೋಲಿಸಿ. ಸೋತ್ರೆ ನಾನು ಜನ್ಮದಲ್ಲಿ ನಿಮ್ಮ ಕಾರು ಕೇಳಲ್ಲ. ನೀವು ಸೋತ್ರೆ ಪ್ರತಿ ಭಾನುವಾರ ಕಾರು ನಮ್ಮನೇಲಿರ್ಬೇಕು."

"ಅರ್ಧ ಊರಿಗೆ ಗೇರು ಹಾಕೋದು ಕಲಿಸಿದೋನು ನಾನು. ನೀನೇನೋ ನನ್ನ ಸೋಲಿಸೋದು?" ಎಂದು ಮೇಷ್ಟ್ರು ಎದೆ ತಟ್ಟಿಕೊಂಡು ಒಪ್ಪಿದ್ದರು. ಅವನು ಅವನ ಮನೆಯಲ್ಲಿ, ಇವರು ಇವರ ಮನೆಯಲ್ಲಿ ಕೂತು ಇಂಟರ್‌ನೆಟ್ಟಿನಲ್ಲಿ ಆಡುವ ರೇಸು. ಅದು ಇವತ್ತು ಸಂಜೆಯೇ.

ಪರದೆಯ ಕಾರು ಮತ್ತೆ ಗೋಡೆಗೆ ಗುದ್ದಿತು. ಆ ಸದ್ದಿಗೆ ಮಹಡಿ ಮೇಲಿನ ಹಲ್ಲಿನ ಡಾಕ್ಟರು ಇಳಿದು ಬಂದರು.

"ಏನ್ ಮೇಷ್ಟ್ರೇ, ಮನೆ ಒಳಗೇ ಆಕ್ಸಿಡೆಂಟು?"

ಮೇಷ್ಟ್ರು ಗೋಳು ಹೇಳಿಕೊಂಡರು. ಡಾಕ್ಟರು ರೋಗಿಯ ಬಾಯೊಳಗೆ ಇಣುಕುವ ಹಾಗೆ ಪರದೆಗೆ ಮೂಗು ತಾಗಿಸಿ ನೋಡಿದರು. "ನಿಮ್ಮ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿಗೆ ಇಷ್ಟು ದೊಡ್ಡ ಚಿತ್ರ ಬರೆಯೋ ತಾಕತ್ತಿಲ್ಲ. ಅಪ್‌ಸ್ಕೇಲಿಂಗ್ ಹಾಕಿ. ಅದು ಚಿಕ್ಕ ಚಿತ್ರ ಬರೆದು ದೊಡ್ಡದಾಗಿ ಎಳೆಯುತ್ತೆ. ಬಿಟ್ಟುಹೋದ ಜಾಗಾನ ತಾನೇ ತುಂಬುತ್ತೆ. ಹಲ್ಲಿಗೆ ಫಿಲ್ಲಿಂಗ್ ಮಾಡಿದ ಹಾಗೆ!"

ಆಟದ ಮೆನುವಿನಲ್ಲಿ ಅಂಥವು ಎರಡಿದ್ದವು. ಡಾಕ್ಟರು ಮೊದಲನೆಯದನ್ನು ಹಾಕಿಸಿ, ಚಿತ್ರ ಚೂಪಾಗಲೆಂದು ಅಂಚು ತೀಡುವ ಗುಂಡಿಯನ್ನು ಕೊನೆಯ ತನಕ ತಳ್ಳಿಸಿದರು. ಕಾರು ಕುಂಟುವುದು ಸ್ವಲ್ಪ ಕಡಿಮೆಯಾಯಿತು. ಆದರೆ ದಾರಿಬದಿಯ ಒಂದೊಂದು ಎಲೆಯೂ ಗರಗಸದ ಹಲ್ಲಿನಂತೆ ನಿಗುರಿ ನಿಂತಿತು.

ಅಷ್ಟರಲ್ಲಿ ಎದುರುಮನೆಯ ಫೋಟೋ ಸ್ಟುಡಿಯೋದವರು ಬಾಗಿಲಲ್ಲಿ ಕಾಣಿಸಿಕೊಂಡರು. ಯಾರೂ ಕರೆದಿರಲಿಲ್ಲ. ಆದರೆ ಎಲ್ಲಾದರೂ ಚಿತ್ರ ಕೆಟ್ಟಿದ್ದರೆ ಅವರಿಗೆ ವಾಸನೆ ಬಡಿಯುತ್ತಿತ್ತು.

"ಇದೇನ್ರೀ ಇದು ಮರಾನಾ, ಮುಳ್ಳುಹಂದೀನಾ? ಎರಡನೇದು ಹಾಕಿ. ಮೆತ್ತಗಿರುತ್ತೆ, ಸಹಜವಾಗಿರುತ್ತೆ."

"ಮೆತ್ತಗಲ್ಲ ಸ್ವಾಮಿ, ಮಸುಕು" ಎಂದರು ಡಾಕ್ಟರು. "ಅದ್ರಲ್ಲಿ ಕಾರಿನ ಹಿಂದೆ ದೆವ್ವದ ಹಾಗೆ ನೆರಳು ಎಳ್ಕೊಂಡು ಬರುತ್ತೆ."

"ನಿಮ್ಮದ್ರಲ್ಲಿ ಬೇಲಿ ನೋಡಿ, ಮಿಣಮಿಣ ಅಂತಿದೆ. ಜ್ವರ ಬಂದ ಹಾಗೆ ನಡುಗ್ತಿದೆ!"

ಇಬ್ಬರೂ ತಲೆಗೊಂದು ಕುರ್ಚಿ ಎಳೆದುಕೊಂಡು ಕೂತರು. ಮೇಷ್ಟ್ರು ಒಂದನ್ನು ಹಾಕುವುದು, ತೆಗೆಯುವುದು, ಇನ್ನೊಂದನ್ನು ಹಾಕುವುದು. ಒಂದು ಸುತ್ತು ಅಭ್ಯಾಸ ಮಾಡಲೂ ಅವರಿಬ್ಬರು ಬಿಡಲಿಲ್ಲ. ಕೊನೆಗೆ ತೀರ್ಪಿಗೆಂದು ಮೇಷ್ಟ್ರ ಹೆಂಡತಿಯನ್ನು ಕರೆದರು. ಆಕೆ ಒಣಗಿದ ಬಟ್ಟೆಯ ರಾಶಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದರು.

"ಇದು ಮೊದಲನೇದು," ಎಂದು ಮೇಷ್ಟ್ರು ತೋರಿಸಿ, ಒಂದಿಷ್ಟು ಗುಂಡಿ ಒತ್ತಿ, "ಈಗ ಎರಡನೇದು" ಎಂದರು.

"ಆಹಾ! ಈಗ ನೋಡಿ ಆಕಾಶ!" ಎಂದು ಸ್ಟುಡಿಯೋದವರು ಉದ್ಗರಿಸಿದರು.

"ಏನ್ ಆಕಾಶ? ತೊಳೆದು ಹಿಂಡದೇ ಬಿಟ್ಟ ಬೆಡ್‌ಶೀಟು!" ಎಂದು ಡಾಕ್ಟರು ಮುಖ ಕಿವುಚಿದರು.

ಹೆಂಡತಿ ಸ್ವಲ್ಪ ಹೊತ್ತು ನೋಡಿದರು. "ರೀ, ನೀವು ಏನೂ ಬದಲಾಯಿಸಿಲ್ಲ. ಅಪ್ಲೈ ಒತ್ತೋದೇ ಮರ್ತಿದೀರ" ಎಂದು ಹೇಳಿ ಬಟ್ಟೆ ಮಡಿಸಲು ಹೋದರು.

ಆದ ಅವಮಾನವನ್ನು ಮುಚ್ಚಲು ಡಾಕ್ಟರು ಹೊಸ ಅಸ್ತ್ರ ತೆಗೆದರು.

"ಅದು ಹಾಳಾಗ್ಲಿ. ಫ್ರೇಮ್ ಜನರೇಶನ್ ಹಾಕಿ. ಎರಡು ಚಿತ್ರದ ಮಧ್ಯೆ ಕಾರ್ಡು ತಾನೇ ಒಂದು ಚಿತ್ರ ಹುಟ್ಟಿಸಿ ಸೇರಿಸುತ್ತೆ. ಕುಂಟೋ ಮಾತೇ ಇಲ್ಲ."

ಮೇಷ್ಟ್ರು ಹಾಕಿದರು, ಈ ಸಲ ಅಪ್ಲೈ ಕೂಡ ಒತ್ತಿದರು. ಪರದೆಯ ಮೂಲೆಯಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಎಂದು ತೋರಿಸುತ್ತಿದ್ದ ಫ್ರೇಮಿನ ಅಂಕಿ ಒಂದೇ ಏಟಿಗೆ ದುಪ್ಪಟ್ಟಾಯಿತು. ರಸ್ತೆ ಬೆಣ್ಣೆಯಂತೆ ಹರಿಯಿತು. ಮೂವರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಲೆಂದು ಮೇಷ್ಟ್ರು ಸ್ಟೀರಿಂಗ್ ಬಿಟ್ಟಿದ್ದರಿಂದ ಕಾರು ಹೊಳೆಗೆ ಬಿತ್ತು.

ಎರಡನೇ ಸಲ ಎರಡೂ ಕೈಯಲ್ಲಿ ಹಿಡಿದೇ ಓಡಿಸಿದರು. ತಿರುವು ಬಂತು. ಮೇಷ್ಟ್ರು ತಿರುಗಿಸಿದರು. ಕಾರು ಒಂದು ಗಳಿಗೆ ಯೋಚನೆ ಮಾಡಿ, ಆಮೇಲೆ ತಿರುಗಿತು. ಅಷ್ಟರಲ್ಲಿ ರಸ್ತೆ ಮುಗಿದಿತ್ತು.

"ಅಯ್ಯೋ, ಇದು ಥೇಟ್ ನನ್ನ ಶಿಷ್ಯರ ಹಾಗೇ ಇದೆಯಲ್ರೀ! ಬ್ರೇಕ್ ಅಂದ್ರೆ 'ಆಂ?' ಅಂತ ಕೇಳಿ ಆಮೇಲೆ ಒತ್ತೋದು!" ಎಂದು ಮೇಷ್ಟ್ರು ಗೋಳಾಡಿದರು.

"ಮತ್ತೆ? ಮುಂದಿನ ನಿಜವಾದ ಚಿತ್ರ ಬರೋ ತನಕ ಕಾದು, ಮಧ್ಯದಲ್ಲಿ ಒಂದು ಸುಳ್ಳು ಚಿತ್ರ ತೂರಿಸ್ಬೇಕು. ತಡ ಆಗದೆ ಇರುತ್ತಾ?" ಎಂದರು ಸ್ಟುಡಿಯೋದವರು, ಗೆದ್ದ ಮುಖ ಮಾಡಿ. "ತೆಗೀರಿ ಅದನ್ನ."

"ತೆಗೀಬೇಡಿ! ಅಂಕಿ ನೋಡಿ, ಅಂಕಿ!"

"ಅಂಕಿ ಇಟ್ಕೊಂಡು ಹೊಳೆಗೆ ಬೀಳ್ಬೇಕಾ?"

ಮೇಷ್ಟ್ರು ತೆಗೆಯಲು ಕೈ ಚಾಚುವುದು, ಡಾಕ್ಟರು ಆ ಕೈ ಹಿಡಿಯುವುದು, ಸ್ಟುಡಿಯೋದವರು ಡಾಕ್ಟರ ಕೈ ಹಿಡಿಯುವುದು. ಆ ಕೈಗಳ ಜಾತ್ರೆಯಲ್ಲೇ ಸಂಜೆಯಾಯಿತು. ಪರದೆಯಲ್ಲಿ ದೀಪ ಕೆಂಪಿನಿಂದ ಹಸಿರಾಯಿತು. ರೇಸು ಶುರು! ಇನ್ನು ಮೆನು ತೆರೆಯುವಂತಿರಲಿಲ್ಲ.

ಮೇಷ್ಟ್ರು ಜೀವ ಕೈಯಲ್ಲಿ ಹಿಡಿದು ಓಡಿಸಿದರು. ಚಿತ್ರ ಬಲು ಚಂದ. ಗುದ್ದಿದ್ದು ಕೂಡ ಬಲು ಚಂದವಾಗಿಯೇ ಕಾಣುತ್ತಿತ್ತು. ಮೊದಲ ತಿರುವಿನಲ್ಲಿ ಬೇಲಿ ಮುರಿದರು, ಎರಡನೆಯದರಲ್ಲಿ ದೀಪದ ಕಂಬ. "ಬ್ರೇಕ್! ಬ್ರೇಕ್!" ಎಂದು ತಮಗೆ ತಾವೇ ಕೂಗಿಕೊಂಡರು. ಅಭ್ಯಾಸಬಲದಿಂದ ಬಲಗಾಲು ಪೆಡಲು ಬಿಟ್ಟು ಮೇಜಿನ ಕಾಲನ್ನು ಒದೆಯಿತು.

ಭಾಮೈದನ ಕಾರು ಮಾತ್ರ ಅವಸರವಿಲ್ಲದೆ ರಸ್ತೆಯ ಒಂದು ಬದಿ ಹಿಡಿದು, ಪ್ರತಿ ತಿರುವಿನಲ್ಲೂ ಪೋಂ ಪೋಂ ಎಂದು ಹಾರ್ನ್ ಹೊಡೆಯುತ್ತ ಹೋಗುತ್ತಿತ್ತು.

"ನೋಡ್ರೀ ಕೊಬ್ಬು! ನನ್ನ ಅಣಕಿಸ್ತಿದಾನೆ!" ಎಂದು ಮೇಷ್ಟ್ರು ಹಲ್ಲು ಕಡಿದರು. ಡಾಕ್ಟರು "ಹಾಗೆ ಕಡೀಬೇಡಿ, ಸವೆಯುತ್ತೆ" ಎಂದರು.

ಕೊನೆಯ ಗೆರೆಯ ಹತ್ತಿರ ಮೇಷ್ಟ್ರ ಕಾರು ಬೆಣ್ಣೆಯಂತೆ ಜಾರಿ ಹುಲ್ಲಿನ ಬಣವೆಯೊಳಗೆ ಹೊಕ್ಕಿತು. ಪೋಂ ಪೋಂ ಕಾರು ನಿಧಾನವಾಗಿ ಗೆರೆ ದಾಟಿತು. ನೆರೆಯವರಿಬ್ಬರೂ ಕುರ್ಚಿಗಳನ್ನು ಸದ್ದಿಲ್ಲದೆ ಹಿಂದಕ್ಕೆ ಸರಿಸಿ, ತಮ್ಮ ತಮ್ಮ ಮನೆಯ ಕೆಲಸ ನೆನಪಾಗಿ ಹೊರಟುಹೋದರು.

ಮೇಷ್ಟ್ರು ಭಾರವಾದ ಮನಸ್ಸಿನಿಂದ ಫೋನ್ ಮಾಡಿದರು. "ಗೆದ್ದೆ ಬಿಡಪ್ಪ. ಆದ್ರೆ ಆ ಹಾರ್ನು ಬೇಕಿತ್ತಾ?"

"ಅಯ್ಯೋ ಭಾವ, ನಾನೆಲ್ಲಿ ಆಡಿದೆ?" ಎಂದ ಭಾಮೈದ. ಅವನ ದನಿಯೂ ಸತ್ತಿತ್ತು. "ಬೆಳಿಗ್ಗೆಯಿಂದ ಆ ಅಪ್‌ಸ್ಕೇಲಿಂಗ್ ಚೆನ್ನಾಗಿದೆಯೋ ಈ ಅಪ್‌ಸ್ಕೇಲಿಂಗ್ ಚೆನ್ನಾಗಿದೆಯೋ ಅಂತ ನೋಡಿ ನೋಡಿ ಕಣ್ಣು ಉರಿ ಬಂತು. ಮುಖ ತೊಳೆಯೋಕೆ ಎದ್ದು ಹೋದೆ, ರೇಸು ಶುರುವಾಗೋಯ್ತು. ಖಾಲಿ ಇದೆಯಲ್ಲ ಅಂತ ಅಮ್ಮ ಕೂತ್ಬಿಟ್ರು."

ಮೇಷ್ಟ್ರ ಮೈಯಲ್ಲಿ ಮಿಂಚು ಹರಿಯಿತು. ಕುರ್ಚಿಯಿಂದ ಜಿಗಿದೆದ್ದರು. "ಅಂದ್ರೆ ನೀನು ಗೆದ್ದಿಲ್ಲ! ಕಾರು ನಿಂಗೆ ಸಿಗಲ್ಲ!"

"ನಾನು ಗೆದ್ದಿಲ್ಲ, ನಿಜ. ನಾನು ಕೇಳೋದೂ ಇಲ್ಲ. ಅಮ್ಮ ಕೇಳ್ತಿದಾರೆ. ತಗೊಳ್ಳಿ, ಮಾತಾಡಿ."

ಮೇಷ್ಟ್ರು ಮೆಲ್ಲನೆ ಕೂತರು. ಬಾಗಿಲಲ್ಲಿ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ನಮ್ಮಮ್ಮಂಗೆ ಇಲ್ಲ ಅಂದ್ರೋ, ನೋಡಿ ಮತ್ತೆ" ಎಂಬುದು ಆ ಮುಖದ ಮೇಲೆ ಯಾವ ಅಪ್‌ಸ್ಕೇಲಿಂಗೂ ಇಲ್ಲದೆ ನಿಚ್ಚಳವಾಗಿ ಕಾಣುತ್ತಿತ್ತು.

"ಅಳಿಯಂದ್ರೇ," ಎಂದಿತು ಅತ್ತೆಯ ಉತ್ಸಾಹದ ದನಿ, "ಇಷ್ಟು ಸುಲಭ ಅಂತ ಗೊತ್ತಿದ್ರೆ ಯಾವತ್ತೋ ಕಲೀತಿದ್ದೆ. ಬರೋ ಭಾನುವಾರದಿಂದ ನೀವೇ ಪಕ್ಕದಲ್ಲಿ ಕೂತು ಹೇಳ್ಕೊಡಿ. ನಿಮ್ಮ ಕೆಂಪು ಕಾರಲ್ಲೇ."

"ಸ್ಕೂಲಿನ ಕಾರಲ್ಲಿ ಕಲೀಬಹುದು ಅತ್ತೆ. ಅದ್ರಲ್ಲಿ ನನ್ನ ಕಡೆಗೂ ಒಂದು ಬ್ರೇಕಿದೆ..."

"ಪಂಥ ಕಟ್ಟಿದ್ದು ಕೆಂಪು ಕಾರಿಗಲ್ವಾ?"

ಮೇಷ್ಟ್ರು ಸೋಲಿನ ಕಾರಣವಾದರೂ ತಿಳಿಯಲೆಂದು ಕ್ಷೀಣ ದನಿಯಲ್ಲಿ ಕೇಳಿದರು. "ಅತ್ತೆ, ನೀವು ಆಡುವಾಗ ಯಾವುದು ಆನ್ ಆಗಿತ್ತು? ಮೊದಲನೇದೋ, ಎರಡನೇದೋ?"

"ನಂಗೇನ್ ಗೊತ್ತಪ್ಪ? ನಂಗೆ ಒಂದೂ ಸರಿಯಾಗಿ ಕಾಣಿಸ್ತಿರ್ಲಿಲ್ಲ. ಕನ್ನಡಕ ಎಲ್ಲೋ ಇಟ್ಟು ಮರ್ತಿದ್ದೆ. ಅದಕ್ಕೇ ಯಾರಾದ್ರೂ ಅಡ್ಡ ಬಂದಾರು ಅಂತ ಹಾರ್ನ್ ಹೊಡ್ಕೊಂಡೇ ಹೋದೆ" ಎಂದರು ಅತ್ತೆ. ಆಮೇಲೆ ಸ್ವಲ್ಪ ಯೋಚಿಸಿ ಕೇಳಿದರು. "ನಿಜವಾದ ಕಾರಿಗೆ ಕನ್ನಡಕ ಹಾಕ್ಕೊಳ್ಳೇಬೇಕಾ?"