ದಾರಿ ನಡುವೆ ಮೊಟ್ಟೆ ಇಟ್ಟ ಟಿಟ್ಟಿಭ ದಂಪತಿಗೆ

ಕೆರೆ ದಂಡೆಯ ಜಲ್ಲಿ ದಾರಿಯಲ್ಲೇ ಸಂಸಾರ ಹೂಡಿರುವ ಹಕ್ಕಿ ದಂಪತಿಗಳ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಮರಿಗಳೂ ಕ್ಷೇಮವೆಂದು ನಂಬಿ, ಕೆರೆಯ ಹಿಂದಿನ ಬೀದಿಯಲ್ಲಿ ದರ್ಜಿ ಅಂಗಡಿ ಇಟ್ಟಿರುವ ನಾನು ಈ ದೂರನ್ನು ತಮ್ಮ ಪಾದದ ಬಳಿ, ಅಂದರೆ ತಮ್ಮ ಕೊಕ್ಕಿಗೆ ಎಟುಕದಷ್ಟು ದೂರದಲ್ಲಿ, ಅತ್ಯಂತ ಗೌರವದಿಂದ ಇಡುತ್ತಿದ್ದೇನೆ.

ನನಗೂ ನನ್ನ ಅಣ್ಣನಿಗೂ ಎಷ್ಟೋ ವರ್ಷಗಳಿಂದ ಮಾತಿರಲಿಲ್ಲ. ಅವನೂ ದರ್ಜಿಯೇ. ನನ್ನ ಮಾವನಿಗೆ ನಾನು ಹೊಲಿದುಕೊಟ್ಟ ಕೋಟನ್ನು ನೆಂಟರೆಲ್ಲರ ಎದುರು ನೋಡಿ, ಒಂದು ತೋಳು ಉದ್ದವಾಯಿತೆಂದು ಅವನು ನಕ್ಕಿದ್ದೇ ಕಾರಣ. ಅಂದಿನಿಂದ ಆ ಮನಸ್ತಾಪವನ್ನು ಇಬ್ಬರೂ ಬಹಳ ಶಿಸ್ತಿನಿಂದ ಕಾಪಾಡಿಕೊಂಡು ಬಂದಿದ್ದೆವು. ವೈದ್ಯರು ಇಬ್ಬರಿಗೂ ಬೆಳಗಿನ ನಡಿಗೆ ಹೇಳಿದರು, ನಮ್ಮ ಬಡಾವಣೆಗೆ ಇರುವುದು ಒಂದೇ ಕೆರೆ. ಆದರೂ ಇಬ್ಬರೂ ಒಂದೇ ದಿಕ್ಕಿಗೆ ಸುತ್ತುತ್ತಾ, ಅವನು ಬೂಟಿನ ಲೇಸು ಕಟ್ಟಿಕೊಳ್ಳಲು ನಿಂತರೆ ನಾನೂ ಇತ್ತ ನಿಂತು, ನಡುವೆ ಅಷ್ಟು ನೀರನ್ನೂ ಜೊಂಡನ್ನೂ ಇಟ್ಟುಕೊಂಡು ಸುಖವಾಗಿದ್ದೆವು.

ಹೀಗಿರುವಾಗ ತಾವು, ಸರ್ಕಾರ ತಮಗಾಗಿಯೇ ಬೇಲಿ ಹಾಕಿ ಕಾಯ್ದಿಟ್ಟ ಹುಲ್ಲುಗಾವಲನ್ನೂ ನಡುಗಡ್ಡೆಯನ್ನೂ ಬಿಟ್ಟು, ಜನ ನಡೆಯುವ ದಾರಿಯಲ್ಲೇ ಮೊಟ್ಟೆ ಇಟ್ಟಿರಿ. ಕಾವಲುಗಾರ ಅಡ್ಡಲಾಗಿ ಹಗ್ಗ ಕಟ್ಟಿ, ಎಲ್ಲರೂ ಇಲ್ಲಿಂದಲೇ ವಾಪಸ್ಸು ತಿರುಗಬೇಕೆಂದ. ನಾನು ಅವನೊಡನೆ ಬಹಳ ಹೊತ್ತು ವಾದಿಸಿ ಕೊನೆಗೆ ತಿರುಗಿದೆ, ಎದುರಿಗೆ ಅಣ್ಣ.

ದಾಟಿ ಹೋಗಲು ಇಬ್ಬರೂ ಒಂದೇ ಬದಿಗೆ ಸರಿದೆವು, ಮತ್ತೆ ಒಂದೇ ಬದಿಗೆ ಸರಿದೆವು. ಇದನ್ನು ಮೊಟ್ಟೆ ಕದಿಯುವ ಸಂಚೆಂದು ಬಗೆದ ತಾವು ಕಿರುಚುತ್ತಾ ಬಂದು ನನ್ನ ಬೋಳುತಲೆಯ ಮೇಲೆ ಎರಗಿದಿರಿ. ಅಣ್ಣ ತನ್ನ ಕೋಟು ಬಿಚ್ಚಿ ಇಬ್ಬರ ತಲೆಗೂ ಹೊದಿಸಿ, ನನ್ನ ರಟ್ಟೆ ಹಿಡಿದು ಬೆಂಚಿನ ಮರೆಗೆ ಎಳೆದುಕೊಂಡ. ಮಂಡಿಗೆ ಮಂಡಿ ತಾಗಿಸಿ ಕುಕ್ಕರುಗಾಲಲ್ಲಿ ಕೂತಿದ್ದಾಗ ಮೆಲ್ಲಗೆ ಹೇಳಿದ:

"ತೋಳು ಸರಿಯಾಗೇ ಇತ್ತು ಕಣೋ. ನಿನ್ನ ಮಾವನ ಭುಜಾನೇ ವಾರೆ. ಅದನ್ನ ಅವರ ಮುಂದೆ ಹೇಗೆ ಹೇಳೋದು ಅಂತ ನಿನ್ನ ಮೇಲೆ ಹಾಕಿದೆ."

ಹೊರಗೆ ತಾವು ಕೂಗುತ್ತಲೇ ಇದ್ದುದರಿಂದ ನಾನು ಮೂಗೆಳೆದದ್ದು ಅವನಿಗೆ ಕೇಳಿಸಲಿಲ್ಲ; ಆ ಉಪಕಾರವನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯುತ್ತೇನೆ.

ಆದರೆ ಮುಂದಿನದನ್ನು ತಾವು ಯೋಚಿಸಲಿಲ್ಲ. ಈಗ ಅಣ್ಣ ದಿನವೂ ನನ್ನ ಜೊತೆಯೇ ನಡೆಯುತ್ತಾನೆ, ಇಷ್ಟು ವರ್ಷ ಆಡದ ಮಾತನ್ನೆಲ್ಲ ಆಡುತ್ತಾನೆ, ಆಮೇಲೆ ಅಂಗಡಿಗೆ ಬಂದು ನನ್ನದೇ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಾ ಗಿರಾಕಿಗಳ ಎದುರೇ ನನ್ನ ಕಾಜಾ ಹೊಲಿಗೆಯಲ್ಲಿ ತಪ್ಪು ಹುಡುಕುತ್ತಾನೆ. ಹಕ್ಕಿಗಳಿಗೆ ತೊಂದರೆ ಕೊಡಬೇಡಿ ಎಂಬ ಫಲಕ ಕೆರೆಯ ಸುತ್ತ ಹೆಜ್ಜೆಗೊಂದು ಇದೆ; ಹಕ್ಕಿಗಳು ಅಣ್ಣತಮ್ಮಂದಿರ ನಡುವೆ ತಲೆ ಹಾಕಬಾರದು ಎಂಬ ಫಲಕ ಒಂದೂ ಇಲ್ಲ. ಆದಕಾರಣ ತಾವು ವಾರಕ್ಕೊಮ್ಮೆಯಾದರೂ ಅವನನ್ನು ಆಚೆ ದಂಡೆಗೆ ಅಟ್ಟಿ, ಚಹಾದ ಹೊತ್ತಿಗೆ ಸರಿಯಾಗಿ, ತಡಮಾಡದೆ, ಜೋಪಾನವಾಗಿ ನನಗೆ ಮರಳಿ ತಲುಪಿಸಬೇಕಾಗಿ ವಿನಂತಿ.

ನೆತ್ತಿಯ ಗಾಯ ಇನ್ನೂ ಮಾಸದ
ತಮ್ಮ ವಿಶ್ವಾಸಿ,
ಹಿಂದಿನ ಬೀದಿಯ ದರ್ಜಿ

ತಾ.ಕ.: ನನ್ನ ಹೆಂಡತಿಗೂ ಅತ್ತಿಗೆಗೂ ಇನ್ನೂ ಮಾತಿಲ್ಲ. ಇಬ್ಬರೂ ಕೆರೆಯ ಕಡೆ ಬರುವವರಲ್ಲ. ಅವರಿಬ್ಬರೂ ಹೋಗುವ ತರಕಾರಿ ಅಂಗಡಿಯ ಮುಂದೆಯೂ ಸಾಕಷ್ಟು ಜಲ್ಲಿ ಬಿದ್ದಿದೆ ಎಂಬುದನ್ನು ಮುಂದಿನ ಸಂತಾನದ ವೇಳೆ ತಾವು ಪರಿಶೀಲಿಸಬಹುದು.